ಜರ್ಮನಿಯಲ್ಲಿ ವಜೈನಿಸ್ಮಸ್ ಚಿಕಿತ್ಸೆ: ಚೀಟಿ ಬರೆಸಿಕೊಳ್ಳುವ ಮುಂಚೆ ಇದನ್ನು ಓದಿ

ಹೋದ ತಿಂಗಳು ಮೈಸೂರಿನ ಹುಡುಗಿಯೊಬ್ಬಳು ಫೋನ್ ಮಾಡಿ ಅತ್ತಳು. ಫಿಸಿಯೋಥೆರಪಿಗೆ ಹೋದರೆ ಚೀಟಿಯ ಅವಧಿ ಮುಗಿದಿದೆ ಅಂತ ವಾಪಸ್ ಕಳಿಸಿದರಂತೆ. ಮ್ಯೂನಿಕ್‌ಗೆ ಬಂದ ಹೊಸದರಲ್ಲಿ ನಾನು ಬಿದ್ದದ್ದೂ ಇದೇ ಹಳ್ಳಕ್ಕೆ.

ವಜೈನಿಸ್ಮಸ್ ಏನು ಅಂತ ಅನುಭವಿಸುತ್ತಿರುವವರಿಗೆ ಹೇಳಬೇಕಿಲ್ಲ. ದಾರಿ ಕಿರಿದಾಗಿಲ್ಲ, ಯೋನಿಯ ಸುತ್ತಲಿನ ಸ್ನಾಯುಗಳು ನಿಮ್ಮನ್ನು ಕೇಳದೆ ಬಿಗಿಯಾಗುತ್ತವೆ, ಅಷ್ಟೇ. ಊರಲ್ಲಿ ಡಾಕ್ಟರು "ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತಮ್ಮ" ಅಂದಿದ್ದರು. ಮಗುವಿಗೆ ಮುಂಚೆ ಆಗಬೇಕಾದ್ದೇ ಆಗುತ್ತಿರಲಿಲ್ಲವಲ್ಲ! ಅತ್ತೆಯವರದು ವಾರಕ್ಕೊಮ್ಮೆ "ಏನಾದ್ರೂ ವಿಶೇಷನಾ?" ಬೇರೆ.

ಇಲ್ಲಿ ಗೈನಕಾಲಜಿಸ್ಟ್ ಹತ್ತಿರ ನೇರವಾಗಿ ಹೋಗಬಹುದು. ಹೊದ್ದುಕೊಳ್ಳಲು ಬಟ್ಟೆ ಮಾತ್ರ ಸಾಮಾನ್ಯವಾಗಿ ಕೊಡುವುದಿಲ್ಲ. ಉದ್ದನೆ ಕುರ್ತಾ ಹಾಕಿಕೊಂಡು ಹೋಗಿ, ಮಾನ ಉಳಿಯುತ್ತದೆ. ಒಳಪರೀಕ್ಷೆ ಇವತ್ತು ಬೇಡ ಅನ್ನಬಹುದು. ಮುಟ್ಟಿನಲ್ಲಿ ವಿಪರೀತ ನೋವು, ಉರಿ ಇದ್ದರೆ ಮುಚ್ಚಿಡಬೇಡಿ. ಸೋಂಕು, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ) ಇದೆಯಾ ಅಂತ ಮೊದಲು ನೋಡಬೇಕು.

ಈಗ ಆ ಹಳ್ಳ. ಬಿಗಿಯಾಗುವ ಆ ಸ್ನಾಯುಗಳನ್ನು ಸಡಿಲ ಬಿಡಲು ಕಲಿಸುವವರು ಫಿಸಿಯೋಥೆರಪಿಸ್ಟ್. ಅದಕ್ಕೆ ಡಾಕ್ಟರು ಬರೆಯುವ ಚೀಟಿಗೆ ಇಲ್ಲಿ ರೆಟ್ಸೆಪ್ಟ್ ಅನ್ನುತ್ತಾರೆ. ಸರ್ಕಾರಿ ವಿಮೆ ಇರುವವರು ಅದನ್ನು ಬರೆದ 28 ದಿನದೊಳಗೆ ಚಿಕಿತ್ಸೆ ಶುರು ಮಾಡಬೇಕು. ತುರ್ತು ಅಂತ ಗುರುತು ಹಾಕಿದ್ದರೆ 14 ದಿನವೇ. ಈ ಕೆಲಸ ಕಲಿತ ಫಿಸಿಯೋಗಳು ಕಡಿಮೆ. ನನಗೆ ಸಿಕ್ಕಿದ್ದು ಏಳು ವಾರದ ಆಚೆಯ ದಿನ. ಚೀಟಿಯನ್ನು ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ ಕೆಳಗೆ ಸಿಕ್ಕಿಸಿ ಆರಾಮಾಗಿದ್ದೆ. ಹೋದ ದಿನ ಕೌಂಟರಿನಾಕೆ ತಾರೀಖಿನ ಮೇಲೆ ಬೆರಳಿಟ್ಟು ಆಗಲ್ಲ ಅಂತ ತಲೆಯಾಡಿಸಿದಳು. ಹೊಸ ಚೀಟಿ ತಂದು ಮತ್ತೆ ಕಾಯಬೇಕು, ಇಲ್ಲಾ ಕೈಯಿಂದ ಕೊಡಬೇಕು. 80 ಯೂರೋ ಕೊಟ್ಟೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಉಲ್ಟಾ ಮಾಡಿ. ಮೊದಲು ಫಿಸಿಯೋ ಹತ್ತಿರ ದಿನ ಗೊತ್ತುಮಾಡಿಕೊಳ್ಳಿ, ಚೀಟಿ ಆಮೇಲೆ ಬರೆಸಿ. ಎಲ್ಲಾ ಸರಿಯಾಗಿದ್ದರೂ ಚೀಟಿಗೆ 10 ಯೂರೋ, ಜೊತೆಗೆ ಖರ್ಚಿನ ಶೇಕಡಾ 10 ನಿಮ್ಮದೇ.

ಫೋನಿನಲ್ಲಿ ಸುಮ್ನೆ "ಬೆಕನ್‌ಬೋಡನ್" (ಸೊಂಟದ ತಳದ ಸ್ನಾಯುಗಳು) ಅಂದುಬಿಡಬೇಡಿ. ಬಾಣಂತಿಯರಿಗೆ ಸ್ನಾಯು ಬಿಗಿ ಮಾಡಲು ಕಲಿಸುವ ಕ್ಲಾಸಿಗೆ ಸೇರಿಸಿಬಿಡುತ್ತಾರೆ. ನಮಗೆ ಬೇಕಾದ್ದು ಸಡಿಲ ಬಿಡುವುದು. ಗೆಳತಿಯೊಬ್ಬಳು ಎರಡು ತಿಂಗಳು ಕೆಗಲ್ (ಆ ಸ್ನಾಯುಗಳನ್ನು ಬಿಗಿ ಮಾಡುವ ವ್ಯಾಯಾಮ) ಮಾಡಿ ನೋವು ಜಾಸ್ತಿ ಮಾಡಿಕೊಂಡಳು.

ದುಡ್ಡು ಕೊಟ್ಟರೆ ಬೆಂಗಳೂರಲ್ಲಿ ಎಲ್ಲ ಬೇಗ ಆಗುತ್ತದೆ, ಒಪ್ಪುತ್ತೇನೆ. ಆದರೆ ಇಲ್ಲಿ ಗಂಡನನ್ನು ಬಿಟ್ಟು ನನ್ನನ್ನೇ ಮಾತಾಡಿಸಿದರು. ಕಿರುಬೆರಳು ದಪ್ಪದ ಡೈಲೇಟರ್ (ಯೋನಿಯೊಳಗೆ ನಿಧಾನವಾಗಿ ಇಟ್ಟು ಅಭ್ಯಾಸ ಮಾಡುವ ನುಣುಪಾದ ಕಡ್ಡಿ) ಕೊಟ್ಟಾಗ ಫಿಸಿಯೋ ಹೇಳಿದ್ದು, ಈ ವಾರ ಇದನ್ನು ಕೈಯಲ್ಲಿ ಹಿಡಿದು ಉಸಿರಾಡಿದರೆ ಸಾಕು ಅಂತ. ಅಷ್ಟೇ ಮಾಡಿದೆ.