ಕ್ಯಾಂಪರ್ ವ್ಯಾನ್ ತಗೊಳ್ಳುವ ಮುಂಚೆ: ಕರೆಂಟ್ ಗಾಡಿಯೋ ಡೀಸೆಲ್ಲೋ, ಮಲೆನಾಡಿನ ಲೆಕ್ಕ

ಕರೆಂಟ್ ಗಾಡಿಗೆ ಕಿಲೋಮೀಟರಿಗೆ ಒಂದೂವರೆ ರೂಪಾಯಿ ಅಂತ ಶೋರೂಮಿನವರು ಹೇಳಿದ ತಕ್ಷಣ ಡೀಸೆಲ್ ಗಾಡಿ ದಂಡ ಅನ್ನಿಸಿಬಿಡುತ್ತದೆ. ಆ ಅಂಕಿ ಸುಳ್ಳೇನಲ್ಲ. ಆದರೆ ಅದು ದಿನಾ ಓಡುವ, ಮನೆಯಲ್ಲೇ ಚಾರ್ಜ್ ಆಗುವ ಗಾಡಿಯ ಅಂಕಿ. ಕ್ಯಾಂಪರ್ ವ್ಯಾನ್, ಅಂದ್ರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ತಿರುಗುವ ಗಾಡಿ, ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ನಮ್ಮ ಕಡೆ ಅಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ. ಅದಕ್ಕೇ ಮೈಲೇಜ್ ಆಮೇಲೆ ನೋಡಿ. ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಅಂತ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಆಸೆಯ ಲೆಕ್ಕ ಬೇಡ, ಹೋದ ವರ್ಷ ನಿಜಕ್ಕೂ ಎಷ್ಟು ತಿರುಗಿದ್ದೀರಿ ಅದು.

ಯಾವ ಗಾಡಿಗೆ ಯಾವುದನ್ನು ಹೋಲಿಸಬೇಕು ಅನ್ನುವುದು ಮುಂದಿನ ಪ್ರಶ್ನೆ. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ಐಡಿ ಬಜ್, ಫೋರ್ಡ್ ಇ-ಟ್ರಾನ್ಸಿಟ್ ತರಹದ ಎಲೆಕ್ಟ್ರಿಕ್ ವ್ಯಾನ್ ತಗೊಂಡು ಮಂಚ, ಒಲೆ ಕೂರಿಸುತ್ತಾರೆ. ನಮ್ಮಲ್ಲಿ ಟ್ರಾವೆಲರ್, ಅರ್ಬೇನಿಯಾ, ವಿಂಗರ್ ಅಳತೆಯ ಕ್ಯಾಂಪರ್ ಅಂದ್ರೆ ಹೆಚ್ಚುಕಮ್ಮಿ ಡೀಸೆಲ್ಲೇ. ಎಲೆಕ್ಟ್ರಿಕ್ ಬೇಕು ಅನ್ನುವವರು ಆರೇಳು ಸೀಟಿನ ಎಂಪಿವಿ (ದೊಡ್ಡ ಫ್ಯಾಮಿಲಿ ಕಾರು) ತಗೊಂಡು ಹಿಂದಿನ ಸೀಟು ಮಡಚಿ ಹಾಸಿಗೆ ಹಾಕುತ್ತಾರೆ, ಬಿವೈಡಿ ಇಮ್ಯಾಕ್ಸ್ 7, ಕಿಯಾ ಕಾರೆನ್ಸ್ ಕ್ಲಾವಿಸ್ ಇವಿ ಅಂಥವು. ಟ್ರಾವೆಲರ್‌ಗೆ ಎಂಪಿವಿ ಹೋಲಿಸಿ ಕರೆಂಟೇ ಅಗ್ಗ ಅಂದರೆ ಅದು ಲೆಕ್ಕವಲ್ಲ. ಒಂದು ಗಾಡಿಯೊಳಗೆ ನಿಂತುಕೊಂಡು ಪ್ಯಾಂಟ್ ಹಾಕಬಹುದು, ಇನ್ನೊಂದರಲ್ಲಿ ಮಲಗಿಕೊಂಡೇ ಹಾಕಬೇಕು! ಹಾಗಾಗಿ ಇಲ್ಲಿ ಒಂದೇ ಅಳತೆಯ ಎರಡು ಎಂಪಿವಿ ಇಟ್ಟುಕೊಳ್ಳುತ್ತೇನೆ, ಒಂದು 1,500 ಸಿಸಿ ಡೀಸೆಲ್, ಇನ್ನೊಂದು 50 ಯೂನಿಟ್ ಬ್ಯಾಟರಿಯದ್ದು. ದೊಡ್ಡ ವ್ಯಾನೇ ಬೇಕು ಅಂದರೆ ಡೀಸೆಲ್ ಅಂಕಿಗಳನ್ನು ಬದಲಾಯಿಸಿಕೊಳ್ಳಿ, ಹೊರೆ ಹೇರಿದ ಟ್ರಾವೆಲರ್‌ನಿಂದ ಲೀಟರಿಗೆ 10-11 ಕಿ.ಮೀ.ಗಿಂತ ಜಾಸ್ತಿ ನಿರೀಕ್ಷಿಸಬೇಡಿ.

ಒಂದು ಮಾತು ಕಾನೂನಿನ ಬಗ್ಗೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ನಮಗಿಷ್ಟ ಬಂದ ಹಾಗೆ ಬದಲಿಸುವ ಹಾಗಿಲ್ಲ. ಮೋಟಾರ್ ಕ್ಯಾರವಾನ್‌ಗೆ (ಕಾನೂನಿನಲ್ಲಿ ಕ್ಯಾಂಪರ್‌ಗೆ ಇದೇ ಹೆಸರು) ಎಐಎಸ್-124 ಅಂತ ಪ್ರತ್ಯೇಕ ಮಾನದಂಡವೇ ಇದೆ. ಗಾಡಿಯ ಬಾಡಿಯಲ್ಲಿ ತೂತು ಕೊರೆಯದೆ ತೆಗೆದಿಡಬಹುದಾದ ಹಾಸಿಗೆ, ಡಬ್ಬ, ಒಲೆ ಇಟ್ಟುಕೊಂಡರೆ ತಲೆನೋವು ಕಡಿಮೆ. ಅದಕ್ಕಿಂತ ಜಾಸ್ತಿ ಮಾಡಿಸುವುದಾದರೆ ಕೆಎ-14 (ಶಿವಮೊಗ್ಗ) ಆಗಲಿ ಕೆಎ-15 (ಸಾಗರ) ಆಗಲಿ, ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ. ಮಾಡಿಸಿದ ಮೇಲೆ ಕೇಳಿದರೆ ಖರ್ಚು ಎರಡು ಸಲ.

ಈಗ ಬೆಲೆ. ಎಕ್ಸ್ ಶೋರೂಮ್ ಬೆಲೆ ಮರೆತುಬಿಡಿ, ಆನ್ ರೋಡ್ ಬೆಲೆ ಕೇಳಿ. ಎಲೆಕ್ಟ್ರಿಕ್‌ಗೆ ಜಿಎಸ್‌ಟಿ ಶೇ 5. ರಸ್ತೆ ತೆರಿಗೆಯಲ್ಲಿ ಕರ್ನಾಟಕ 2016ರಿಂದ ವಿನಾಯಿತಿ ಕೊಟ್ಟಿತ್ತು, 2024ರಲ್ಲಿ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ಹಾಕಿತು. ಈ ನಿಯಮಗಳು ಬಜೆಟ್ ಬಂದಾಗಲೆಲ್ಲ ಅಲುಗಾಡುತ್ತವೆ, ಅದಕ್ಕೇ ಗಾಡಿ ಬುಕ್ ಮಾಡುವ ವಾರದ ಬೆಲೆಯೇ ನಿಮ್ಮ ಬೆಲೆ. ಡೀಸೆಲ್ ಗಾಡಿಗೆ ಲೈಟು, ಫ್ಯಾನು, ಫ್ರಿಜ್ ಓಡಿಸಲು ಬೇರೆ ಬ್ಯಾಟರಿ, ಅದಕ್ಕೆ ಚಾರ್ಜರ್, ವೈರಿಂಗ್ ಅಂತ ಅರ್ಧ ಲಕ್ಷವಾದರೂ ಬೇಕು. ಎಲೆಕ್ಟ್ರಿಕ್‌ನಲ್ಲಿ ವಿ2ಎಲ್ (ಗಾಡಿಯಿಂದ ಹೊರಗಿನ ಸಾಮಾನಿಗೆ ಕರೆಂಟ್ ಕೊಡುವ ಸೌಲಭ್ಯ) ಇದ್ದರೆ ದೊಡ್ಡ ಬ್ಯಾಟರಿಯಿಂದಲೇ ಕರೆಂಟ್ ತೆಗೆಯಬಹುದು. ಇದನ್ನೆಲ್ಲ ಕೂಡಿಸಿ ಕಳೆದು, ಕರೆಂಟ್ ಗಾಡಿ ನಾಲ್ಕು ಲಕ್ಷ ದುಬಾರಿ ಬಿತ್ತು ಅಂತಿಟ್ಟುಕೊಳ್ಳೋಣ. ಶೇ 9ರ ಬಡ್ಡಿಯಲ್ಲಿ ಆ ನಾಲ್ಕು ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ. ಕೈಯಿಂದಲೇ ಕೊಟ್ಟರೂ ಅಷ್ಟೇ, ಎಫ್‌ಡಿ ಬಡ್ಡಿ ಹೋಯಿತಲ್ವಾ. ಈ 36,000ವನ್ನು ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರ ಎದುರು.

ಡೀಸೆಲ್ ಲೀಟರಿಗೆ 91 ರೂಪಾಯಿ ಹಿಡಿಯೋಣ, 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಏರಿಸಿದ ಮೇಲೆ ಇದರ ಆಸುಪಾಸು ಬಂದು ನಿಂತಿತ್ತು. ಸಾಮಾನು ತುಂಬಿಕೊಂಡು ಘಾಟಿ ಹತ್ತಿ ಇಳಿಯುವ ಗಾಡಿ 14 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ 6.50. ಎಲೆಕ್ಟ್ರಿಕ್ ಗಾಡಿಗೆ ಗೋಡೆಯ ಮೀಟರಿನಿಂದ ಅಳೆದರೆ, ಅಂದ್ರೆ ಚಾರ್ಜ್ ಆಗುವಾಗ ಬಿಸಿಯಾಗಿ ಪೋಲಾಗುವುದನ್ನೂ ಸೇರಿಸಿದರೆ, ಯೂನಿಟ್ಟಿಗೆ 5 ಕಿ.ಮೀ. ಅನ್ನುವುದು ನ್ಯಾಯವಾದ ಅಂಕಿ. ಡ್ಯಾಶ್‌ಬೋರ್ಡ್ ತೋರಿಸುವುದು ಬ್ಯಾಟರಿಯಿಂದ ಹೊರಬಿದ್ದ ಲೆಕ್ಕ, ನೀವು ದುಡ್ಡು ಕೊಡುವುದು ಒಳಗೆ ಹೋದದ್ದಕ್ಕೆ. ಮನೆ ಕರೆಂಟು ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ 7 ರೂಪಾಯಿ ಅಂದುಕೊಂಡರೆ ಕಿ.ಮೀ.ಗೆ 1.40. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್ಟಿಗೆ ಸಾಮಾನ್ಯವಾಗಿ 18ರಿಂದ 25, ನಡುವಿನ 22 ಹಿಡಿದರೆ 4.40. ಕ್ಯಾಂಪರ್‌ನವರು ಮರೆಯುವುದು ಇಲ್ಲೇ. ಊರು ಬಿಟ್ಟು ತಿರುಗುವುದಕ್ಕೇ ಅಲ್ವಾ ಗಾಡಿ ತಗೊಂಡಿದ್ದು, ಹಾಗಾಗಿ ಮೂರರಲ್ಲಿ ಎರಡು ಪಾಲು ಚಾರ್ಜು ಹೊರಗೇ ಆಗುತ್ತದೆ. ಸರಾಸರಿ 3.40 ಬೀಳುತ್ತದೆ.

ವರ್ಷಕ್ಕೆ 8,000 ಕಿ.ಮೀ. ರಜೆಗೆ ಮಾತ್ರ ಓಡಿಸುವವರಿಗೆ ಉಳಿತಾಯ ಸುಮಾರು 25,000 ರೂಪಾಯಿ. ಬಡ್ಡಿ 36,000. ಅಸಲಿನ ಮಾತು ಬಿಡಿ, ಬಡ್ಡಿಗೇ ಸಾಲದು.

ಅದೇ ಗಾಡಿಯನ್ನು ದಿನಾ ಓಡಿಸಿದರೆ ಚಿತ್ರ ಬೇರೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗಿ ಬರುವವರು, ತೋಟ ಒಂದು ಕಡೆ ಮನೆ ಇನ್ನೊಂದು ಕಡೆ ಇರುವವರು, ಅಂಗಡಿಗೆ ಸಾಮಾನು ತರುವವರು, ಇವರೆಲ್ಲ ವರ್ಷಕ್ಕೆ 18,000 ಕಿ.ಮೀ. ಸುಲಭವಾಗಿ ದಾಟುತ್ತಾರೆ. ಅದರಲ್ಲಿ 14,000 ಮನೆ ಕರೆಂಟಿನಲ್ಲಿ, 4,000 ಹೊರಗಿನ ಚಾರ್ಜರ್‌ನಲ್ಲಿ ಅಂದರೆ ಉಳಿತಾಯ ಸುಮಾರು 80,000. ಈ ದುಡ್ಡಿನಲ್ಲಿ ನಾಲ್ಕು ಲಕ್ಷ ಅಸಲು, ಬಡ್ಡಿ ಸೇರಿ ಏಳು ವರ್ಷದಲ್ಲಿ ತೀರುತ್ತದೆ. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಅದರೊಳಗೇ ಮುಗಿಯಿತು. ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿತ್ತು, ಆದರೆ ನಮ್ಮ ರಾಜ್ಯದಲ್ಲಿ ಇನ್ನೊಂದು ಕೊಕ್ಕೆ ಇದೆ.

ಗೃಹಜ್ಯೋತಿ. 2023ರಲ್ಲಿ ಶುರುವಾದ ಈ ಉಚಿತ ಕರೆಂಟ್ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟಿನೊಳಗೆ ನಿಮ್ಮ ಹಳೆಯ ಸರಾಸರಿ, ಅದರ ಮೇಲೆ ಶೇ 10 ಸೇರಿಸಿ ಅಷ್ಟು ಪುಕ್ಕಟೆ. ಅದನ್ನು ದಾಟಿ 200ರೊಳಗೆ ಇದ್ದರೆ ದಾಟಿದ್ದಕ್ಕೆ ಮಾತ್ರ ಬಿಲ್ಲು. 200 ದಾಟಿತೋ, ಪೂರ್ತಿ ಬಿಲ್ಲು ನಿಮ್ಮದೇ. ತಿಂಗಳಿಗೆ 120 ಯೂನಿಟ್ ಸುಡುವ ಮನೆ ಅಂದುಕೊಳ್ಳಿ. ದಿನಾ ಓಡುವ ಗಾಡಿಗೆ ತಿಂಗಳಿಗೆ ಇನ್ನೂ 233 ಯೂನಿಟ್ ಬೇಕು. ಒಟ್ಟು 350 ದಾಟಿತು. ಇಷ್ಟು ದಿನ ಸೊನ್ನೆ ಇದ್ದ ಮನೆ ಬಿಲ್ಲು, ನಿಗದಿತ ಶುಲ್ಕವೂ ಸೇರಿ ತಿಂಗಳಿಗೆ 1,200ರ ಮೇಲೆ ಹೋಗುತ್ತದೆ. ವರ್ಷಕ್ಕೆ 15,000. ಇದು ಗಾಡಿಯ ಖರ್ಚೇ, ಮಿಕ್ಸಿ ಗ್ರೈಂಡರ್‌ದಲ್ಲ. 80,000 ಉಳಿತಾಯ 65,000ಕ್ಕೆ ಇಳಿಯಿತು, ನಾಲ್ಕು ಲಕ್ಷ ತೀರಲು ಒಂಬತ್ತು ವರ್ಷ ದಾಟುತ್ತದೆ, ವಾರಂಟಿ ಅಷ್ಟರಲ್ಲಿ ಮುಗಿದಿರುತ್ತದೆ. ಆದ್ದರಿಂದ ಗಾಡಿ ನೋಡಲು ಹೋಗುವ ಮುಂಚೆ ಮೆಸ್ಕಾಂ (ನಮ್ಮ ಕಡೆಯ ಕರೆಂಟ್ ಕಂಪನಿ) ಸೆಕ್ಷನ್ ಆಫೀಸಿಗೆ ಹೋಗಿ, ಚಾರ್ಜಿಂಗಿಗೆ ಅಂತಲೇ ಬೇರೆ ಮೀಟರ್ ಕೊಡುತ್ತಾರಾ, ಠೇವಣಿ ಎಷ್ಟು, ನಿಮ್ಮ ಮಂಜೂರಾದ ಲೋಡ್ ಎಷ್ಟಿದೆ ಅಂತ ಕೇಳಿ ಬನ್ನಿ. ಈಗಾಗಲೇ ಸೋಲಾರ್ ಹಾಕಿಸಿದವರು, ಅಥವಾ ಹೇಗಿದ್ದರೂ 200 ದಾಟುವ ಮನೆಯವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು.

ಮನೆ ವೈರಿಂಗ್ ಕೂಡ ಖರ್ಚಿನ ಪಟ್ಟಿಯಲ್ಲೇ ಬರಬೇಕು. ಸಾದಾ 15 ಆಂಪಿಯರ್ ಪ್ಲಗ್ಗಿನಲ್ಲಿ ಗಂಟೆಗೆ ಮೂರು ಯೂನಿಟ್ ತುಂಬುತ್ತದೆ, 50 ಯೂನಿಟ್ ಬ್ಯಾಟರಿ ಖಾಲಿಯಿಂದ ತುಂಬಲು 16-17 ಗಂಟೆ. 7.2 ಕಿಲೋವ್ಯಾಟ್ ಗೋಡೆ ಚಾರ್ಜರ್ ಹಾಕಿದರೆ ಏಳೆಂಟು ಗಂಟೆ, ಆದರೆ ಲೋಡ್ ಏರಿಸಬೇಕು, ಮೀಟರಿನಿಂದ ಶೆಡ್ಡಿಗೆ ದಪ್ಪ ಕೇಬಲ್ ಎಳೆಯಬೇಕು. ಹಳೆಯ ತೋಟದ ಮನೆಗಳಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇರುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ನೆ ಕೂರುತ್ತದೆ. ಇನ್ನು ಆಷಾಢದಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋಗುವುದು ಯಾರಿಗೂ ಹೊಸದಲ್ಲ. ಮಳೆಗಾಲದಲ್ಲಿ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಬಿಡಬೇಡಿ.

ಘಾಟಿಯ ಬಗ್ಗೆ ಕರೆಂಟ್ ಗಾಡಿಯವರು ಜಾಸ್ತಿ ಹೆದರುತ್ತಾರೆ, ಅಷ್ಟು ಬೇಕಿಲ್ಲ. ಸೋಮೇಶ್ವರದಿಂದ ಆಗುಂಬೆಗೆ ಸುಮಾರು 500 ಮೀಟರ್ ಏರು. ಸಾಮಾನು, ಜನ ಸೇರಿ 2,200 ಕೆ.ಜಿ. ಗಾಡಿಯನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾದ ಶಕ್ತಿ 3 ಯೂನಿಟ್, ಪೋಲಾಗುವುದು ಸೇರಿ ಮೂರೂವರೆ. ಇಳಿಯುವಾಗ ಮೋಟಾರೇ ಬ್ರೇಕ್ ಹಿಡಿದು ಸುಮಾರು ಎರಡು ಯೂನಿಟ್ ವಾಪಸ್ ತುಂಬುತ್ತದೆ. ಡೀಸೆಲ್ ಅದೇ ಏರಿಗೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಇಳಿಯುವಾಗ ಏನೂ ವಾಪಸ್ ಕೊಡುವುದಿಲ್ಲ, ಮೇಲಿಂದ ಬ್ರೇಕ್ ಪ್ಯಾಡ್ ಸವೆಯುತ್ತದೆ. ಆಗುಂಬೆಯಲ್ಲಿ ರಾತ್ರಿ ಉಳಿದು ಬೆಳಗ್ಗೆ ಕೆಳಗೆ ಇಳಿಯುವ ಯೋಚನೆ ಇದ್ದರೆ ಬ್ಯಾಟರಿ ನೂರಕ್ಕೆ ನೂರು ತುಂಬಿಸಬೇಡಿ. ಜಾಗ ಇಲ್ಲದಿದ್ದರೆ ಆ ಎರಡು ಯೂನಿಟ್ ಎಲ್ಲಿಗೆ ಹೋಗಬೇಕು? ನಿಜವಾದ ತೊಂದರೆ ಘಾಟಿಯಲ್ಲ, ನೆಟ್‌ವರ್ಕ್. ಹೊಸನಗರ, ಕೊಲ್ಲೂರು ಕಡೆ ಚಾರ್ಜರ್ ಸಿಕ್ಕರೂ ಆ್ಯಪ್ ತೆರೆಯಲು ಸಿಗ್ನಲ್ ಬೇಕು. ಟ್ಯಾಪ್ ಮಾಡುವ ಕಾರ್ಡ್ ಕೊಡುವ ಕಂಪನಿಯದ್ದಾದರೆ ಮೊದಲೇ ತರಿಸಿಟ್ಟುಕೊಳ್ಳಿ. ಹೋಮ್‌ಸ್ಟೇಯಲ್ಲಿ ಪ್ಲಗ್ ಕೇಳುವುದಾದರೆ ಬುಕ್ ಮಾಡುವಾಗಲೇ ಕೇಳಿ, ಯೂನಿಟ್ ಲೆಕ್ಕದಲ್ಲಿ ದುಡ್ಡು ಕೊಡಿ. ಅವರಿಗೂ ಬಿಲ್ಲು ಬರುತ್ತದೆ.

ಇನ್ಶೂರೆನ್ಸ್ ವಿಷಯದಲ್ಲಿ ಒಂದು ತಮಾಷೆ ಇದೆ. ಎಲೆಕ್ಟ್ರಿಕ್‌ಗೆ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಶೇ 15 ರಿಯಾಯಿತಿ ಅಂತ ಎಲ್ಲರೂ ಹೇಳುತ್ತಾರೆ, 2022ರ ದರಪಟ್ಟಿಯಲ್ಲಿ ಅದು ನಿಜವೇ. ಆದರೆ 1,000 ದಾಟಿ 1,500 ಸಿಸಿವರೆಗಿನ ಕಾರಿಗೆ 3,416 ರೂಪಾಯಿ, ಮೋಟಾರ್ ಶಕ್ತಿ 65 ಕಿಲೋವ್ಯಾಟ್ ದಾಟಿದ ಎಲೆಕ್ಟ್ರಿಕ್ ಕಾರಿಗೆ 6,712. ರಿಯಾಯಿತಿ ಲೆಕ್ಕ ಹಾಕಿರುವುದು 1,500 ಸಿಸಿ ಮೇಲಿನ ಗಾಡಿಯ 7,897ಕ್ಕೆ. ನಮ್ಮ ಹೋಲಿಕೆಯಲ್ಲಿ ಕರೆಂಟ್ ಗಾಡಿಯೇ ದುಬಾರಿ! ಗಾಡಿಯ ಬೆಲೆ ಜಾಸ್ತಿ ಇರುವುದರಿಂದ ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆಗುವ ಹಾನಿಯ) ಪ್ರೀಮಿಯಂ ಕೂಡ ಜಾಸ್ತಿ. ಆಯಿಲ್, ಫಿಲ್ಟರ್ ಇಲ್ಲದ ಕಾರಣ ಸರ್ವಿಸ್‌ನಲ್ಲಿ ಉಳಿಯುವ ದುಡ್ಡು ಹೆಚ್ಚುಕಮ್ಮಿ ಇಲ್ಲಿಗೇ ಹೋಗುತ್ತದೆ, ಎರಡನ್ನೂ ಒಂದಕ್ಕೊಂದು ಹೊಡೆದುಹಾಕಿ.

ಮಳೆಗಾಲದಲ್ಲಿ ನಿಲ್ಲಿಸಿಟ್ಟ ಗಾಡಿಯ ಖರ್ಚನ್ನು ಯಾರೂ ಬರೆಯುವುದಿಲ್ಲ. ಎರಡರಲ್ಲೂ ಹಾಸಿಗೆ, ಪ್ಲೈವುಡ್ ಬೂಷ್ಟು ಹಿಡಿಯುತ್ತದೆ, ಇಲಿ ವೈರ್ ಕಡಿಯುತ್ತದೆ, 12 ವೋಲ್ಟ್ ಬ್ಯಾಟರಿ ಇಳಿದುಹೋಗುತ್ತದೆ (ಹೌದು, ಕರೆಂಟ್ ಗಾಡಿಯಲ್ಲೂ ಅದೊಂದು ಇರುತ್ತದೆ). ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್‌ಗೆ ಮಾತ್ರ ಇನ್ನೊಂದು ಕಾಯಿಲೆ. ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಬಿಸಿಯಾಗಿ ಸ್ವಲ್ಪ ದೂರ ಓಡಬೇಕು. ವಾರಕ್ಕೊಮ್ಮೆ ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಮಸಿ ಕಟ್ಟಿಕೊಳ್ಳುವುದೇ ಹೊರತು ಉಪಯೋಗವಿಲ್ಲ. ತಿಂಗಳಿಗೆರಡು ಸಲ ಸಾಗರದವರೆಗೆ ಹೆದ್ದಾರಿಯಲ್ಲಿ ಓಡಿಸಿಕೊಂಡು ಬನ್ನಿ. ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ, ಖಾಲಿ ಜಾಗವಿದ್ದರೆ ತೇವ ನೀರಾಗಿ ಡೀಸೆಲ್ಲಿಗೆ ಇಳಿಯುತ್ತದೆ. ಕರೆಂಟ್ ಗಾಡಿಯನ್ನು ಶೇ 50-60ರಷ್ಟು ಚಾರ್ಜಿನಲ್ಲಿ ಬಿಟ್ಟರೆ ಸಾಕು.

ರಾತ್ರಿ ಕಳೆಯುವುದರಲ್ಲಿ ಎಲೆಕ್ಟ್ರಿಕ್ ಗೆಲ್ಲುತ್ತದೆ, ಇದರಲ್ಲಿ ನನಗೆ ಅನುಮಾನವಿಲ್ಲ. ಸಣ್ಣ ಫ್ರಿಜ್, ಫ್ಯಾನು, ಇಂಡಕ್ಷನ್ ಒಲೆಯಲ್ಲಿ ಅನ್ನ ಸಾರು, ಎಲ್ಲ ಸೇರಿ ದಿನಕ್ಕೆ ಎರಡು ಯೂನಿಟ್, ಅಂದ್ರೆ ಹತ್ತು ಕಿಲೋಮೀಟರ್ ಓಟ ಕಡಿಮೆಯಾಯಿತು ಅಷ್ಟೇ. ಡೀಸೆಲ್ ಗಾಡಿಯ 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದೇ ಒಂದೂಕಾಲು ಯೂನಿಟ್. ಮಳೆ ಮೋಡದ ಕೆಳಗೆ ಸೋಲಾರ್ ಪ್ಯಾನೆಲ್ ನಂಬಬೇಡಿ. ಎಸಿಗೋಸ್ಕರ ಎಂಜಿನ್ನೋ ಜನರೇಟರೋ ಓಡಿಸಿಕೊಂಡು ಒಳಗೆ ಮಲಗಲೇಬೇಡಿ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ನಿಂತಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ತೀರಿಕೊಂಡಿದ್ದು ಕಾರ್ಬನ್ ಮೊನಾಕ್ಸೈಡ್‌ನಿಂದ.

ಹಾಗಾಗಿ ರಜೆಗೆ ಮಾತ್ರ ಗಾಡಿ ಅನ್ನುವವರಿಗೆ ನನ್ನ ಸಲಹೆ ಸೆಕೆಂಡ್ ಹ್ಯಾಂಡ್ ಡೀಸೆಲ್. ಕೆಟ್ಟರೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಮೆಕ್ಯಾನಿಕ್‌ಗೆ ಬರವಿಲ್ಲ, ಮಾರುವಾಗಲೂ ಗಿರಾಕಿ ಸಿಗುತ್ತಾರೆ. ತಗೊಳ್ಳುವ ಮುಂಚೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಿ, ಹುಲಿಕಲ್ ಘಾಟಿ ಒಂದು ಸಲ ಹತ್ತಿಸಿ. ದಿನಾ ಓಡಿಸುವ ಗಾಡಿಯಲ್ಲೇ ಶನಿವಾರ ಹಾಸಿಗೆ ಹಾಕುವವರಿಗೆ ಎಲೆಕ್ಟ್ರಿಕ್, ಅದೂ ಬೇರೆ ಮೀಟರ್ ಸಿಕ್ಕರೆ. ಹಳೆಯ ಎಲೆಕ್ಟ್ರಿಕ್ ನೋಡುತ್ತಿದ್ದರೆ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಆರೋಗ್ಯದ ರಿಪೋರ್ಟ್ ತೆಗೆಸಿ, ವಾರಂಟಿ ಎರಡನೇ ಮಾಲೀಕರಿಗೂ ಪೂರ್ತಿ ಬರುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ. ಕೆಲವು ವಾರಂಟಿಗಳು ಮೊದಲ ಮಾಲೀಕರಿಗೆ ಮಾತ್ರ ಪೂರ್ತಿ ಇರುತ್ತವೆ, ಮಾರುವವರು ಅದನ್ನು ಹೇಳುವುದಿಲ್ಲ.