ಪಹಣಿ ಒಂದು, ಬಳಸುವ ಇಲಾಖೆ ಹಲವು: ನನ್ನ ಅನುಭವ

ಕರ್ನಾಟಕದಲ್ಲಿ ಪಹಣಿ (ಜಮೀನಿನ ಒಡೆತನ, ಬೆಳೆಗಳ ದಾಖಲೆ) ಕಂದಾಯ ಇಲಾಖೆಯ 'ಭೂಮಿ' ತಂತ್ರಾಂಶದಲ್ಲಿದ್ದರೆ, ಕ್ರಯಪತ್ರ ನೋಂದಣಿ ಇಲಾಖೆಯ 'ಕಾವೇರಿ'ಯಲ್ಲೂ ಜಮೀನಿನ ಒಂದು ಭಾಗವನ್ನು ಮಾರುವ ಮುನ್ನ ಅಳೆದು ಮಾಡುವ 11ಇ ನಕ್ಷೆ ಭೂಮಾಪನ ಇಲಾಖೆಯ 'ಮೋಜಿಣಿ'ಯಲ್ಲೂ ಇರುತ್ತದೆ. ಕೃಷಿ, ತೋಟಗಾರಿಕೆ, ರೇಷ್ಮೆ ಇಲಾಖೆಗಳು ಸೌಲಭ್ಯ ಕೊಡುವಾಗ ರೈತರ ನೋಂದಣಿ ತಂತ್ರಾಂಶವಾದ 'ಫ್ರೂಟ್ಸ್'ನ ನೋಂದಣಿ ಸಂಖ್ಯೆಯ ಮೂಲಕ ಅದೇ ಪಹಣಿಯ ವಿವರವನ್ನು ನೋಡುತ್ತವೆ. ಜಿಲ್ಲೆಯೊಂದರಲ್ಲಿ ಈ ತಂತ್ರಾಂಶಗಳ ಸಮನ್ವಯದ ಕೆಲಸವನ್ನು ನಾನು ಕೆಲವು ವರ್ಷ ನೋಡಿಕೊಂಡೆ.

ಊರಿನವರು '45ರ 2' ಎನ್ನುವ ಜಮೀನು 'ಭೂಮಿ' ತಂತ್ರಾಂಶದಲ್ಲಿ 45/*/2 ಎಂದಿರುತ್ತದೆ: ಸರ್ವೆ ನಂಬರ್, ಸರ್ನೋಕ್ (ಸರ್ವೆ ನಂಬರಿನ ಉಪಸಂಕೇತ), ಹಿಸ್ಸಾ (ಪಾಲು). ಒಂದು ಇಲಾಖೆಯವರು ತಮ್ಮ ತಂತ್ರಾಂಶವನ್ನು ಪರಿಷ್ಕರಿಸುವಾಗ ನಡುವಿನ ನಕ್ಷತ್ರ ಚಿಹ್ನೆ ಬೇಡವೆಂದು ತೆಗೆದರು, ಯಾರಿಗೂ ತಿಳಿಸಲಿಲ್ಲ. ಎರಡು ಕಡೆಯ ಸಂಖ್ಯೆ ಹೊಂದದೆ, ಮುಂಗಾರಿನ ಬಿತ್ತನೆ ಬೀಜಕ್ಕೆ ಸಾಲಿನಲ್ಲಿ ನಿಂತಿದ್ದ ರೈತರ ಹೆಸರಿನೆದುರು 'ಜಮೀನು ಇಲ್ಲ' ಎಂದು ಬರತೊಡಗಿತು. ಹಿರಿಯರೊಬ್ಬರು ಪಹಣಿಯನ್ನು ನನ್ನ ಮುಂದೆ ಹಿಡಿದು, "ಸ್ವಾಮಿ, ಬೆಳಗ್ಗೆ ನಾಡಕಚೇರಿಯಲ್ಲಿ ತೆಗೆಸಿದ್ದು. ನನ್ನ ಹೆಸರು ಇದೆಯಲ್ಲ?" ಎಂದರು. ಹೆಸರು ಇತ್ತು. ದೋಷ ಎಲ್ಲಿದೆಯೆಂದು ಹುಡುಕಲು ನಮಗೆ ಎರಡು ದಿನ ಹಿಡಿಯಿತು, ಏಕೆಂದರೆ ಪ್ರತಿ ಇಲಾಖೆಯೂ ತನ್ನದು ಸರಿಯಾಗಿದೆ ಎಂದೇ ನಂಬಿತ್ತು.

ಆಮೇಲೆ ನಾನು ಮೊದಲು ಮಾಡಿದ್ದು ಒಂದು ವಹಿ. ಹಂಚಿಕೊಳ್ಳುವ ಪ್ರತಿಯೊಂದು ವಿವರವನ್ನೂ ಅದರಲ್ಲಿ ಬರೆದು, ತಿದ್ದುವ ಅಧಿಕಾರ ಯಾರದೆಂದು ಎದುರಿಗೆ ನಮೂದಿಸಿದೆ. ಖಾತೆದಾರರ ಹೆಸರು ಕಂದಾಯದ್ದು, ಅಳತೆ ಭೂಮಾಪನದ್ದು. ಬೆಳೆಯ ವಿವರದ ಬಗ್ಗೆ ಮಾತ್ರ ಇಡೀ ಮಧ್ಯಾಹ್ನ ಚರ್ಚೆ ನಡೆಯಿತು. ಪಹಣಿಯಲ್ಲಿರುವ ಬೆಳೆಯೇ ಒಂದು, ಹೊಲದಲ್ಲಿರುವುದೇ ಇನ್ನೊಂದು ಆಗಿರುತ್ತಿದ್ದುದರಿಂದ, ಕೊನೆಗೆ ಆ ಹಂಗಾಮಿನ ಬೆಳೆ ಸಮೀಕ್ಷೆಯನ್ನೇ ಆಧಾರವಾಗಿಟ್ಟುಕೊಳ್ಳಲು ಎಲ್ಲರೂ ಒಪ್ಪಿದರು. ಇದನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಿ ಸಹಿ ಪಡೆದೆ. ಬಾಯಿಮಾತಿನ ಒಪ್ಪಿಗೆ ಅಧಿಕಾರಿಯ ವರ್ಗಾವಣೆಯೊಂದಿಗೇ ಹೋಗಿಬಿಡುತ್ತದೆ.

ಯಾವುದೇ ಬದಲಾವಣೆಗೆ 15 ದಿನ ಮೊದಲು ಲಿಖಿತ ಸೂಚನೆ ಕೊಡಬೇಕೆಂಬುದು ಎರಡನೆಯ ನಿಯಮ. ಪರೀಕ್ಷೆಗೆಂದು ನಾವು 50 ಸರ್ವೆ ನಂಬರುಗಳನ್ನು ಆರಿಸಿಟ್ಟೆವು. ಬೇಕೆಂದೇ ತೊಡಕಿನವು: ಪೈಕಿ ಪಹಣಿಗಳು (ಅಳತೆಯಾಗಿ ಬೇರ್ಪಡದೆ ಒಂದೇ ಸರ್ವೆ ನಂಬರಿನಲ್ಲಿರುವ ಹಲವರ ಪಾಲುಗಳು), ಜಂಟಿ ಖಾತೆಗಳು, ಹೆಸರಿನ ನಡುವೆ 'ಬಿನ್' (ಮಗ), 'ಕೋಂ' (ಹೆಂಡತಿ) ಇದ್ದು ಆಧಾರ್ ಜತೆ ತಾಳೆಯಾಗದವು. ಈ 50 ಸರಿಯಾಗಿ ಹಾದುಹೋದರೆ ಮಾತ್ರ ಹೊಸ ಆವೃತ್ತಿಗೆ ಅನುಮತಿ.

ನಿಯಮ ಪಾಲಿಸುವುದು ಒಮ್ಮೆ ನನಗೇ ಕಷ್ಟವಾಯಿತು. ಪತಿ ತೀರಿಕೊಂಡು, ಪೌತಿ ಖಾತೆಯಾಗದ (ಮೃತರ ಜಮೀನು ವಾರಸುದಾರರ ಹೆಸರಿಗೆ ಬದಲಾಗದ) ತಾಯಿಯೊಬ್ಬರು ಬೀಜ ಕೇಳಿ ಬಂದರು. ಹೆಸರನ್ನು ಇಲ್ಲೇ ಸೇರಿಸಿಬಿಡೋಣವೆಂದು ಬೀಜ ವಿತರಣಾ ಕೇಂದ್ರದ ಸಿಬ್ಬಂದಿ ಕೇಳಿದರು. ವಾರಸುದಾರರು ಯಾರೆಂದು ತೀರ್ಮಾನಿಸುವುದು ಕಂದಾಯದ ಅಧಿಕಾರವಾದ್ದರಿಂದ ನಾನು ಒಪ್ಪಲಿಲ್ಲ. ಅವರನ್ನು ಅಲೆದಾಡಿಸದೆ ಅಲ್ಲಿಯೇ ಅರ್ಜಿ ಬರೆಸಿ ನಾಡಕಚೇರಿಗೆ ಕಳುಹಿಸಿದೆವು, ಆದರೆ ಮ್ಯುಟೇಶನ್ (ಖಾತೆ ಬದಲಾವಣೆ) ಮುಗಿಯುವಷ್ಟರಲ್ಲಿ ಬಿತ್ತನೆ ಮುಗಿದಿತ್ತು. ಆ ವರ್ಷ ಅವರು ಅಂಗಡಿಯಿಂದ ಬೀಜವನ್ನು ಸಾಲವಾಗಿ ತಂದು ಬಿತ್ತಿದರು. ಮರುವರ್ಷದಿಂದ, ಮೃತರ ಹೆಸರಿನಲ್ಲೇ ಉಳಿದ ಖಾತೆಗಳ ಪಟ್ಟಿಯನ್ನು ಊರುವಾರು ಸಿದ್ಧಪಡಿಸಿ ಜನವರಿಯಲ್ಲೇ ತಹಶೀಲ್ದಾರರಿಗೆ ಕೊಡುವುದನ್ನು ವಹಿಯಲ್ಲಿ ಸೇರಿಸಿದೆ.