ಕೀ ಜೇಬಲ್ಲಿ, ಎಂಜಿನ್ ಚಾಲೂ

ಕಾರ್ಬುರೇಟರ್ ಕಿತ್ತು ಕಂಪ್ಯೂಟರ್ ಹಿಡಿತದ ಪೆಟ್ರೋಲ್ ಇಂಜೆಕ್ಷನ್ ಕೂರಿಸಲು ಹೊರಟಾಗ ‘ಅಂಬಾಸಿಡರ್‌ಗೆ ಇಂಜೆಕ್ಷನ್ನಾ? ಸುಮ್ನೆ ದುಡ್ಡು ದಂಡ’ ಅಂದವರೇ ಈಗ ಬಾನೆಟ್ ಎತ್ತಿಸಿ ನೋಡುತ್ತಿದ್ದಾರೆ. ಗಾಡಿ 1489 ಸಿಸಿ ಪೆಟ್ರೋಲ್. ಗಾಳಿ ಬಿಡುವ ಥ್ರಾಟಲ್ ಬಾಡಿ ಗುಜರಿಯದು, ಎಂಜಿನ್ ನಡೆಸುವ ಕಂಪ್ಯೂಟರ್ ಅಂದರೆ ಇಸಿಯು ಸ್ಪೀಡುಯಿನೊ, ನಾವೇ ಜೋಡಿಸಿಕೊಳ್ಳಬಹುದಾದ ಬೋರ್ಡ್. ಟ್ಯೂನಿಂಗ್ ಅಷ್ಟೇನೂ ಕಾಡಲಿಲ್ಲ. ಎರಡು ತಿಂಗಳು ಸತಾಯಿಸಿದ್ದು ಇಸಿಯುಗೆ ಕರೆಂಟ್ ಕೊಡುವ ಒಂದೇ ವೈರು. ಕೀ ಆನ್ ಇದ್ದಾಗ ಕರೆಂಟ್ ಬೇಕು, ಸೆಲ್ಫ್ ಹೊಡೆಯುವಾಗಲೂ ಬೇಕು, ಆಫ್ ಮಾಡಿದರೆ ಸಾಯಬೇಕು.

ಲೂಕಾಸ್ ಕಂಪನಿಯ ವೈರ್ ಬಣ್ಣದ ಲೆಕ್ಕದಲ್ಲಿ ಕಂದು ನೇರ ಬ್ಯಾಟರಿ, ಬಿಳಿ ಇಗ್ನಿಷನ್, ಹಸಿರು ಫ್ಯೂಸ್ ದಾಟಿದ್ದು. ನನ್ನ ಡ್ಯಾಶ್ ಬಿಚ್ಚಿದರೆ ಬಿಳಿ ವೈರು ಒಂದು ಗೇಣು ಬಂದು ಕೆಂಪಾಗಿತ್ತು, ಮುಂದೆ ಮನೆ ವೈರಿಂಗಿನ ನೀಲಿ! ಬಣ್ಣ ನಂಬೋದು ಬಿಟ್ಟೆ.

ಎಲ್ಲರೂ ಹೇಳಿದಂತೆ ಮೊದಲು ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ನ ಪ್ಲಸ್‌ನಿಂದ ಎಳೆದೆ. ಆರ್‌ಪಿಎಂ ಕುಣಿಯಿತು, ನಾಲ್ಕನೇ ದಿನ ಇಸಿಯು ಬೋರ್ಡ್ ಸುಟ್ಟಿತು. ಏಳು ಸಾವಿರ ಹೋಯಿತು. ಆಮೇಲೆ ರೇಡಿಯೋ ವೈರಿನಿಂದ ಎಳೆದೆ. ಕೀ ಆನ್ ಮಾಡಿದರೆ ಚೆನ್ನಾಗಿ 12.4 ವೋಲ್ಟ್. ಸೆಲ್ಫ್ ಹೊಡೆದರೆ ಸೊನ್ನೆ. ಕೀ ಬಿಟ್ಟ ಕ್ಷಣ ಒಮ್ಮೊಮ್ಮೆ ಎಂಜಿನ್ ಹಿಡಿಯುತ್ತಿತ್ತು, ಅದೇ ಮೋಸ. ಆ ಸಂದು ತುಂಬಲು ಕರೆಂಟ್ ಕೂಡಿಟ್ಟುಕೊಳ್ಳುವ 4700 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿಯೂ ನೋಡಿದೆ. ಕಣ್ಣು ಮಿಟುಕಿಸುವಷ್ಟೂ ತಾಳಲಿಲ್ಲ.

ಕೊನೆಗೆ ಸ್ವಿಚ್ ಹಿಂದಿನ ಇಗ್ನಿಷನ್ ಟರ್ಮಿನಲ್‌ಗೇ ಹೋದೆ. ಬರೀ ಮೀಟರ್ ಇಟ್ಟರೆ 12.3. ಲೋಡ್ ಬೀಳಲಿ ಅಂತ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಸೇರಿಸಿದೆ, ಒಂಬತ್ತಕ್ಕೆ ಇಳಿಯಿತು. ಒಳಗಿನ ಕಾಂಟ್ಯಾಕ್ಟ್ ಕರ್ರಗಾಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಸ್ವಿಚ್, ನಾನೂರು ಚಿಲ್ಲರೆ. ಈಗ ಸೆಲ್ಫ್ ಹೊಡೆಯುವಾಗಲೂ ಹತ್ತರ ಮೇಲಿದೆ. ಆ ವೈರಿಗೆ ರಿಲೇ, ಅಂದರೆ ಸಣ್ಣ ಕರೆಂಟಲ್ಲಿ ದೊಡ್ಡ ಲೈನು ಆನ್ ಮಾಡುವ ಸ್ವಿಚ್, ಅದನ್ನು ಎಳೆಯುವ ಕೆಲಸ ಮಾತ್ರ. ಇಸಿಯು, ಪಂಪು, ಕಾಯಿಲ್ ಎಲ್ಲಕ್ಕೂ ಬ್ಯಾಟರಿಯಿಂದ ಫ್ಯೂಸ್ ಹಾಕಿದ ಬೇರೆ ಲೈನು.

ಅವತ್ತೇ ದೆವ್ವ ಹೊಕ್ಕಿತು. ಕೀ ತೆಗೆದು ಜೇಬಿಗೆ ಹಾಕಿದೆ, ಎಂಜಿನ್ ಓಡುತ್ತಲೇ ಇದೆ. ಡ್ಯಾಶಲ್ಲಿ ಚಾರ್ಜಿಂಗ್ ಲೈಟು ಮಂದವಾಗಿ ಉರಿಯುತ್ತಿದೆ. ಪಕ್ಕದಲ್ಲಿದ್ದ ಮೇಸ್ತ್ರಿ ‘ದಂಡ ಅಂತ ನಾ ಹೇಳ್ಲಿಲ್ವಾ ಸಾರ್’ ಅಂತ ನಕ್ಕರು. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಕರೆಂಟ್ ಆ ಚಾರ್ಜಿಂಗ್ ಬಲ್ಬಿನ ಮೂಲಕ ಹಿಂದಕ್ಕೆ ಬಂದು ರಿಲೇಯನ್ನು ಹಿಡಿದಿಟ್ಟಿತ್ತು. ಮೊದಲು ಆ ಲೈನಲ್ಲಿ ಕಾಯಿಲ್ ಇತ್ತು, ಬಂದದ್ದನ್ನೆಲ್ಲ ಅದೇ ನುಂಗುತ್ತಿತ್ತು. ಬಲ್ಬಿನ ವೈರಿಗೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು 1ಎನ್4007 ಡಯೋಡ್ ಹಾಕಿದೆ, ಗೆರೆ ಇರುವ ತುದಿ ಆಲ್ಟರ್ನೇಟರ್ ಕಡೆಗೆ. ಎಸ್.ಪಿ. ರಸ್ತೆಯಲ್ಲಿ ಎರಡೋ ಮೂರೋ ರೂಪಾಯಿ. ಈಗ ಕೀ ತಿರುಗಿಸಿದ ಕೂಡಲೇ ಗಪ್‌ಚುಪ್. ಮೇಸ್ತ್ರಿ ಮೂರು ಸಲ ತಾವೇ ತಿರುಗಿಸಿ ನೋಡಿದರು.

ಇಸಿಯುಗೆ ಅರ್ತಿಂಗ್ ಎಲ್ಲಿ ಕೊಟ್ಟೆ ಅಂತ ಮಾತ್ರ ಹೇಳಲ್ಲ, ಅದಕ್ಕೆ ಒಂದು ವಾರ ಬೆವರು ಸುರಿಸಿದ್ದೀನಿ. ಒಟ್ಟು ಖರ್ಚು ನಲವತ್ತು ಸಾವಿರದ ಆಸುಪಾಸು, ಸುಟ್ಟ ಬೋರ್ಡ್ ಸೇರಿಸಿ. ಸದ್ಯಕ್ಕೆ ಟ್ಯಾಂಕಿನ ತುಕ್ಕು ಎರಡು ಫಿಲ್ಟರ್ ತಿಂದಿದೆ, ಮೂರನೆಯದು ಹಾಕಿದ್ದೀನಿ.